ಊರಿನ ಕಲೆ, ಶಾಲೆಯ ಅಂಗಳ ಮತ್ತು ವಿಶ್ವವಿದ್ಯಾನಿಲಯ

(ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ರೈತರು ಹಾಗೂ ಗ್ರಾಮೀಣ ಶಾಲಾ ಶಿಕ್ಷಕರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಕೃಷಿ ವಿಶ್ವವಿದ್ಯಾನಿಲಯದವರು ಬಂದರೆ ಬೀಜ, ಗೊಬ್ಬರ, ಕೀಟ, ರೋಗ ಇವುಗಳ ವಿಚಾರ ಮಾತನಾಡುವುದು ವಾಡಿಕೆ. ಇಂದು ಹಾಡು, ಕುಣಿತ, ನಾಟಕಗಳ ವಿಚಾರ ಮಾತನಾಡಲು ಬಂದಿರುವುದನ್ನು ಕಂಡು ನಿಮ್ಮಲ್ಲಿ ಕೆಲವರಿಗೆ ಆಶ್ಚರ್ಯವಾಗಬಹುದು. ಆದರೆ ಬೇಸಾಯ ಎಂಬುದು ಕೇವಲ ಬೆಳೆ ತೆಗೆಯುವ ಕಸುಬಲ್ಲ, ಅದೊಂದು ಬಾಳುವೆ. ನಾಟಿಗೆ ಹಾಡಿದೆ, ಬೀಸುವುದಕ್ಕೆ ಹಾಡಿದೆ, ಸುಗ್ಗಿಗೆ ಕುಣಿತವಿದೆ. ಹೊಲದಲ್ಲಿ ದುಡಿದ ಮೈ ರಾತ್ರಿ ಕಥೆ ಕೇಳಿ ಹಗುರಾಗುತ್ತದೆ. ಈ ಹಾಡು ಕಥೆಗಳನ್ನು ಬಲ್ಲವರು ಊರಿನಲ್ಲಿ ಕಡಿಮೆಯಾದರೆ ಬೇಸಾಯದ ಬಾಳುವೆಯೂ ಅಷ್ಟರಮಟ್ಟಿಗೆ ಬಡವಾಗುತ್ತದೆ. ಆದುದರಿಂದ ವಿಶ್ವವಿದ್ಯಾನಿಲಯಗಳು ಪ್ರದರ್ಶಕ ಕಲೆಗಳನ್ನು ಹಳ್ಳಿಯ ಶಾಲೆಗೆ ಹೇಗೆ ತರಬೇಕು, ಹಳ್ಳಿಯವರು ಅದನ್ನು ಹೇಗೆ ಬರಮಾಡಿಕೊಳ್ಳಬೇಕು ಎಂಬುದನ್ನು ನಾವು ಸೇರಿ ಯೋಚಿಸುವುದು ಸೂಕ್ತ.

ನಿಮ್ಮ ನೆಲದ ಸಂಪತ್ತು

ಮೊದಲು ಈ ಎರಡು ತಾಲ್ಲೂಕುಗಳಲ್ಲಿ ಏನಿದೆ ಎಂಬುದನ್ನು ಲೆಕ್ಕ ಹಾಕೋಣ. ಹೊಸ ಬೆಳೆ ಹಾಕುವ ಮುನ್ನ ಮಣ್ಣು ಪರೀಕ್ಷೆ ಮಾಡಿಸುತ್ತೇವಲ್ಲವೇ? ಇದೂ ಹಾಗೆಯೇ.

ತಿರುಮಕೂಡಲಿನಲ್ಲಿ 1895ರಲ್ಲಿ ಹುಟ್ಟಿದ ಟಿ. ಚೌಡಯ್ಯನವರು ಪಿಟೀಲು ವಾದನದಲ್ಲಿ ದಕ್ಷಿಣ ಭಾರತಕ್ಕೆಲ್ಲ ಹೆಸರಾದರು. ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದ ಇವರು 1927ರ ಸುಮಾರಿಗೆ ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿಗಳನ್ನು ಸೇರಿಸಿ ಏಳು ತಂತಿಯ ಪಿಟೀಲನ್ನು ರೂಪಿಸಿದರು. ಆಗ ಧ್ವನಿವರ್ಧಕಗಳಿರಲಿಲ್ಲ. ದೊಡ್ಡ ಸಭೆಯಲ್ಲಿ ಹಿಂದೆ ಕುಳಿತವನಿಗೂ ನಾದ ಕೇಳಿಸಬೇಕು ಎಂಬುದೇ ಅದರ ಉದ್ದೇಶ. ತನ್ನ ಹೊಲದ ಮಣ್ಣಿಗೆ ತಕ್ಕಂತೆ ನೇಗಿಲನ್ನು ತಿದ್ದಿಕೊಳ್ಳುವ ರೈತನ ಬುದ್ಧಿಗೂ ಇದಕ್ಕೂ ಹೆಚ್ಚು ದೂರವಿಲ್ಲ.

ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದ ನಾಗರತ್ನಮ್ಮನವರು ಬೆಂಗಳೂರು ನಾಗರತ್ನಮ್ಮ ಎಂದೇ ಪ್ರಸಿದ್ಧರಾದರು. ತಮಿಳುನಾಡಿನ ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿ ಪಾಳು ಬಿದ್ದಿದ್ದಾಗ ತಾವು ಗಳಿಸಿದ ಹಣವನ್ನು ಸುರಿದು 1920ರ ದಶಕದಲ್ಲಿ ಅಲ್ಲಿ ಗುಡಿ ಕಟ್ಟಿಸಿದವರು ಇವರು. ಇನ್ನು ನರಸೀಪುರ ತಾಲ್ಲೂಕಿನ ಮೂಗೂರು, ತ್ರಿಪುರಸುಂದರಿ ಅಮ್ಮನವರ ಗುಡಿಗೆ ಮಾತ್ರವಲ್ಲ, ಮೈಸೂರು ಶೈಲಿಯ ಭರತನಾಟ್ಯದ ಒಂದು ಪರಂಪರೆಗೂ ಹೆಸರಾದ ಊರು. ಮೂಗೂರು ಜೇಜಮ್ಮನವರ ಹೆಸರನ್ನು ನೃತ್ಯ ಬಲ್ಲವರು ಇಂದಿಗೂ ಗೌರವದಿಂದ ಹೇಳುತ್ತಾರೆ.

ಇವು ಸಭೆ, ಗುಡಿ, ಅರಮನೆಗಳ ಕಲೆಗಳಾದವು. ಊರೂರಿನ ಕಲೆಗಳು ಬೇರೆ ಇವೆ. ಮಲೆ ಮಹದೇಶ್ವರನ ಒಕ್ಕಲಾದ ದೇವರ ಗುಡ್ಡರು ಕಂಸಾಳೆ ಹಿಡಿದು ಹಾಡುತ್ತಾರೆ. ಎಡಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಬಲಗೈಯಲ್ಲಿ ದಾರಕ್ಕೆ ಕಟ್ಟಿದ ಚಪ್ಪಟೆ ತಾಳ. ಅದನ್ನು ಬೀಸಿ, ಸುತ್ತಿ, ಲಯ ತಪ್ಪದಂತೆ ಬಟ್ಟಲಿಗೆ ತಾಕಿಸುವುದೇ ಬೀಸು ಕಂಸಾಳೆ. ಮಂಟೇಸ್ವಾಮಿ, ರಾಚಪ್ಪಾಜಿ, ಸಿದ್ಧಪ್ಪಾಜಿಯರ ಕಥೆಯನ್ನು ನೀಲಗಾರರು ತಂಬೂರಿ, ಗಗ್ಗರ, ಡಿಕ್ಕಿ, ತಾಳಗಳೊಡನೆ ರಾತ್ರಿಯಿಡೀ ಹಾಡುತ್ತಾರೆ. ಪೂರ್ತಿ ಕಥೆ ಒಂದು ರಾತ್ರಿಗೆ ಮುಗಿಯುವುದಲ್ಲ. ಈ ಕಾವ್ಯಗಳ ಒಂದೊಂದು ಭಾಗವನ್ನು ‘ಸಾಲು’ ಎಂದು ಕರೆಯುತ್ತಾರೆ: ಸಂಕಮ್ಮನ ಸಾಲು, ಜುಂಜೇಗೌಡನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು ಎಂದು. ನೇಗಿಲ ಸಾಲಿನ ಅರ್ಥ ಬಲ್ಲ ರೈತರಿಗೆ ಈ ಮಾತಿನ ಸೊಗಸನ್ನು ಬಿಡಿಸಿ ಹೇಳಬೇಕಾಗಿಲ್ಲ. ಇವಲ್ಲದೆ ಹೆಂಗಸರ ಸೋಬಾನೆ, ಬೀಸುವ ಪದ, ಹುಡುಗರ ಕೋಲಾಟ, ಹಾರ್ಮೋನಿಯಂ ಮೇಷ್ಟರು ಕಲಿಸುವ ಪೌರಾಣಿಕ ನಾಟಕ, ತಮಟೆ, ನಗಾರಿ ಎಲ್ಲವೂ ಇವೆ.

ನಂಜನಗೂಡು ತಾಲ್ಲೂಕಿನ ದೇವನೂರಿನವರಾದ ದೇವನೂರ ಮಹಾದೇವ ಅವರು 1984ರಲ್ಲಿ ಪ್ರಕಟಿಸಿದ ‘ಕುಸುಮಬಾಲೆ’ಯು ಈ ಭಾಗದ ಆಡುಮಾತಿನಲ್ಲಿ, ಈ ಕಾವ್ಯಗಳ ಜಾಡಿನಲ್ಲಿ ನಡೆಯುವ ಕಥನ. ಅದು ರಂಗಭೂಮಿಯ ಮೇಲೂ ಬಂದಿದೆ. ಊರಿನ ಬಾಯಿಮಾತು ದೊಡ್ಡ ಸಾಹಿತ್ಯಕ್ಕೂ ರಂಗಕ್ಕೂ ಬೀಜವಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ವಿಶ್ವವಿದ್ಯಾನಿಲಯಗಳು ನಡೆದು ಬಂದ ದಾರಿ

ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 1916ರಲ್ಲಿ. 1930ರ ದಶಕದಲ್ಲಿಯೇ ಅದರ ಅಧ್ಯಾಪಕರು ಪ್ರಚಾರೋಪನ್ಯಾಸಗಳೆಂಬ ಹೆಸರಿನಲ್ಲಿ ಊರುಗಳಿಗೆ ಹೋಗಿ ಕನ್ನಡದಲ್ಲಿ ಉಪನ್ಯಾಸ ಮಾಡಿದರು. ಅವು ಕಡಿಮೆ ಬೆಲೆಯ ಚಿಕ್ಕ ಪುಸ್ತಕಗಳಾಗಿ ಜನರ ಕೈ ಸೇರಿದವು. ಕಾಲೇಜಿನ ವಿದ್ಯೆ ಕಾಲೇಜಿನ ಗೋಡೆಯೊಳಗೇ ಉಳಿಯಬಾರದು ಎಂಬ ಭಾವನೆ ನಮ್ಮಲ್ಲಿ ಹೊಸದಲ್ಲ. ಅದೇ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರವನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಬಳಕೆಗೆ ಬಂದದ್ದು ಅಲ್ಲಿಂದಲೇ. ಗೋಪಾಲಸ್ವಾಮಿಯವರು ನಾಟಕದಲ್ಲಿಯೂ ಬಹಳ ಆಸಕ್ತಿಯುಳ್ಳವರು. ಮುಂದೆ ಆಕಾಶವಾಣಿಯ ಕೃಷಿ ಕಾರ್ಯಕ್ರಮಗಳಲ್ಲಿ ಸಂಭಾಷಣೆ, ಹಾಡು, ರೂಪಕಗಳ ಮೂಲಕ ಹೊಸ ತಳಿಗಳ ಸುದ್ದಿ ಹಟ್ಟಿಹಟ್ಟಿಗೆ ತಲುಪಿದ್ದನ್ನು ನಿಮ್ಮಲ್ಲಿ ಹಿರಿಯರಾದವರು ಬಲ್ಲಿರಿ.

ಬಳಿಕ ವಿದ್ವಾಂಸರು ಹಳ್ಳಿಗೆ ಬಂದದ್ದು ಹೇಳುವುದಕ್ಕಲ್ಲ, ಕೇಳುವುದಕ್ಕೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯಲ್ಲಿ ಜೀ.ಶಂ. ಪರಮಶಿವಯ್ಯನವರು ಜಾನಪದ ಅಧ್ಯಯನಕ್ಕೆ ಬುನಾದಿ ಹಾಕಿದರು. ಜಾನಪದ ವಸ್ತುಸಂಗ್ರಹಾಲಯ ಬೆಳೆಯಿತು. 1970ರ ದಶಕದಲ್ಲಿ ಪಿ.ಕೆ. ರಾಜಶೇಖರ ಅವರು ಮಲೆಯ ಮಾದೇಶ್ವರ ಕಾವ್ಯವನ್ನು ಸಂಗ್ರಹಿಸಿ ಹೊರತಂದರು. 1990ರ ದಶಕದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಮಂಟೇಸ್ವಾಮಿ ಮತ್ತು ಮಲೆ ಮಾದೇಶ್ವರ ಕಾವ್ಯಗಳನ್ನು ದೊಡ್ಡ ಸಂಪುಟಗಳಾಗಿ ಪ್ರಕಟಿಸಿತು. 2008ರಲ್ಲಿ ಮೈಸೂರಿನಲ್ಲಿ ಸಂಗೀತ ಮತ್ತು ಪ್ರದರ್ಶಕ ಕಲೆಗಳಿಗೇ ಮೀಸಲಾದ ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಅದಕ್ಕೆ ಡಾ. ಗಂಗೂಬಾಯಿ ಹಾನಗಲ್ ಅವರ ಹೆಸರಿದೆ. 2011ರಲ್ಲಿ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಆರಂಭವಾಯಿತು.

ವಿಶ್ವವಿದ್ಯಾನಿಲಯಗಳ ಹೊರಗೂ ಒಳ್ಳೆಯ ಮಾದರಿಗಳಿವೆ. ಮೈಸೂರಿನ ರಂಗಾಯಣ 1989ರಲ್ಲಿ ಬಿ.ವಿ. ಕಾರಂತರ ನಿರ್ದೇಶನದಲ್ಲಿ ಆರಂಭವಾಗಿ, ಬೇಸಿಗೆಯಲ್ಲಿ ‘ಚಿಣ್ಣರ ಮೇಳ’ದ ಮೂಲಕ ಮಕ್ಕಳನ್ನು ರಂಗಕ್ಕೆ ಕರೆತಂದಿತು. ಹೆಗ್ಗೋಡಿನ ನೀನಾಸಮ್ 1985ರಿಂದ ‘ತಿರುಗಾಟ’ದ ಮೂಲಕ ನಾಡಿನ ಚಿಕ್ಕ ಊರುಗಳಿಗೂ ನಾಟಕಗಳನ್ನು ಒಯ್ದಿತು. ನಿಮ್ಮ ನೆರೆಯ ಸುತ್ತೂರಿನ ಜಾತ್ರೆಯಲ್ಲಿ ಕೃಷಿ ಮೇಳ, ಭಜನಾ ಮೇಳ, ನಾಟಕಗಳು ಒಂದೇ ಆವರಣದಲ್ಲಿ ನಡೆಯುವುದನ್ನು ನೀವೇ ಕಂಡಿದ್ದೀರಿ.

ಇಷ್ಟೆಲ್ಲ ಇದ್ದೂ ಒಂದು ಕೊರತೆ ಉಳಿದಿದೆ. ಕಾವ್ಯಗಳು ಪುಸ್ತಕವಾಗಿ ಉಳಿದವು, ಸಂತೋಷ. ಆದರೆ ಪುಸ್ತಕ ಹಾಡುವುದಿಲ್ಲ. ಬೀಜವನ್ನು ಶೀತಲಗೃಹದಲ್ಲಿ ಕಾಪಾಡುವುದು ಬೇರೆ, ಅದನ್ನು ಹೊಲದಲ್ಲಿ ಬಿತ್ತಿ ಬೆಳೆಯುತ್ತಿರುವುದು ಬೇರೆ. ತಂಬೂರಿಯ ವಿದ್ಯೆ ಗುರುವಿನ ಜೊತೆಯಲ್ಲಿ ಊರೂರು ತಿರುಗಿ, ಕಿವಿಯಿಂದ ಕಿವಿಗೆ, ಬೆರಳಿನಿಂದ ಬೆರಳಿಗೆ ಬರತಕ್ಕದ್ದು. ಇಂದು ಹುಡುಗರು ಶಾಲೆಗೆ ಹೋಗುತ್ತಾರೆ, ಓದಿದ ಮೇಲೆ ಕಾರ್ಖಾನೆಗೋ ನಗರಕ್ಕೋ ಹೋಗುತ್ತಾರೆ. ಇದು ತಪ್ಪಲ್ಲ, ಆಗಬೇಕಾದದ್ದೇ. ಹುಡುಗನು ಗುರುವಿನ ಹಿಂದೆ ಹೋಗಲಾರನಾದರೆ, ಗುರುವು ಶಾಲೆಗೆ ಬರಬೇಕು. ಆ ಕೆಲಸಕ್ಕೆ ವಿಶ್ವವಿದ್ಯಾನಿಲಯದ ನೆರವು ಬೇಕು.

ಗೌರವದ ಪ್ರಶ್ನೆ

ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕಾಗಿದೆ. ನೀಲಗಾರರಲ್ಲಿ ಬಹು ಮಂದಿ ದಲಿತ ಕುಟುಂಬಗಳಿಗೆ ಸೇರಿದವರು. ದೀಕ್ಷೆ ಪಡೆದವರು ಭಿಕ್ಷೆ ಎತ್ತುವುದು ಅವರ ವ್ರತದ ಅಂಗ, ಹೊಟ್ಟೆಪಾಡಿನ ಬೇಡಿಕೆಯಲ್ಲ. ಆದರೆ ಶಾಲೆಯಲ್ಲಿ ‘ನಿಮ್ಮಪ್ಪ ಜೋಳಿಗೆ ಹಿಡಿಯುತ್ತಾನೆ’ ಎಂದು ಜೊತೆಯ ಮಕ್ಕಳು ಹಂಗಿಸಿದರೆ ಆ ಮಗು ತಂಬೂರಿಯನ್ನು ಮುಟ್ಟೀತೇ? ತನ್ನ ಮನೆಯಲ್ಲಿರುವ ವಿದ್ಯೆಯನ್ನು ಮರೆಮಾಚುವುದನ್ನೇ ಅದು ಮೊದಲು ಕಲಿಯುತ್ತದೆ. ಒಂದು ಪರಂಪರೆ ಕಡಿಯುವುದು ಹೆಚ್ಚಾಗಿ ಇಂಥ ಕಡೆಯೇ. ಹಣವಿಲ್ಲದೆ ಸಾಯುವುದಕ್ಕಿಂತ ಹೆಚ್ಚಾಗಿ ನಾಚಿಕೆಯಿಂದ ಅದು ಸಾಯುತ್ತದೆ.

ಅದೇ ತಂದೆಯನ್ನು ಮುಖ್ಯೋಪಾಧ್ಯಾಯರು ಶಾಲೆಗೆ ಬರಮಾಡಿಕೊಂಡು, ಕುರ್ಚಿ ಕೊಟ್ಟು, ‘ಇವರು ಈ ದಿನ ನಿಮ್ಮ ಗುರುಗಳು’ ಎಂದು ಪರಿಚಯಿಸಿ, ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ಅವರೆದುರು ನೆಲದ ಮೇಲೆ ಕುಳಿತು ಪಾಠ ಹೇಳಿಸಿಕೊಂಡರೆ, ಆ ಮಗುವಿನ ತಲೆ ಎತ್ತುತ್ತದೆ. ಹಂಗಿಸಿದ ಮಕ್ಕಳೂ ಕಲಿಯುತ್ತಾರೆ. ಒಂದು ಗಂಟೆಯ ಕಾರ್ಯಕ್ರಮದಿಂದ ಆಗುವ ಈ ಕೆಲಸ ಹತ್ತು ಭಾಷಣಗಳಿಂದ ಆಗದು. ಚೌಡಯ್ಯನವರೂ ನಾಗರತ್ನಮ್ಮನವರೂ ಕೀರ್ತಿ ಗಳಿಸಲು ಹುಟ್ಟೂರನ್ನು ಬಿಟ್ಟು ಹೋಗಬೇಕಾಯಿತು. ಮೊದಲ ಗುರು, ಮೊದಲ ಮೆಚ್ಚುಗೆ ಊರಿನಲ್ಲಿಯೇ ಸಿಕ್ಕುವಂತಾದರೆ ಇನ್ನೆಷ್ಟು ಮಕ್ಕಳು ಬೆಳಕಿಗೆ ಬಂದಾರು!

ವಿಸ್ತರಣಾ ಕೆಲಸದ ಪಾಠ

ಕೃಷಿ ವಿಸ್ತರಣೆಯಲ್ಲಿ ಅನೇಕ ವರ್ಷಗಳಿಂದ ನಡೆದು ಬಂದ ಪಾಠಗಳು ಇಲ್ಲಿಯೂ ಅನ್ವಯಿಸುತ್ತವೆ.

ಒಂದನೆಯದು, ಒಮ್ಮೆ ಬಂದು ಹೋದರೆ ಬೆಳೆ ನಿಲ್ಲುವುದಿಲ್ಲ. ನಾಟಕದ ತಂಡ ಬಂದಿತು, ಚಪ್ಪಾಳೆ ಬಿತ್ತು, ಗಾಡಿ ಹೊರಟಿತು ಎಂದಾದರೆ ಅದು ಮನರಂಜನೆ ಮಾತ್ರ. ಎರಡನೆಯದು, ಪ್ರಾತ್ಯಕ್ಷಿಕೆಯನ್ನು ರೈತನ ಹೊಲದಲ್ಲಿ ರೈತನ ಕೈಯಿಂದಲೇ ಮಾಡಿಸಬೇಕು. ಹಾಗೆಯೇ ಮಕ್ಕಳು ನೋಡುವುದಕ್ಕಿಂತ ಮಾಡಬೇಕು. ಮೂರನೆಯದು, ಹೊಸ ತಳಿ ತರುವಾಗ ನಾಡತಳಿಯನ್ನು ಕಿತ್ತೆಸೆಯಬಾರದು. ನಗರದ ನೃತ್ಯವನ್ನು ಕಲಿಸಲು ಬಂದವರು ಊರಿನ ಕೋಲಾಟವನ್ನು ಹಳೆಯದೆಂದು ಬದಿಗೊತ್ತಬಾರದು.

ನಮ್ಮ ಕೃಷಿ ಪದವಿ ವಿದ್ಯಾರ್ಥಿಗಳು ಕೊನೆಯ ವರ್ಷದಲ್ಲಿ ಗ್ರಾಮೀಣ ಕೃಷಿ ಕಾರ್ಯಾನುಭವಕ್ಕಾಗಿ ಹಳ್ಳಿಗಳಲ್ಲಿ ಉಳಿಯುತ್ತಾರೆ. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ವಿಶೇಷ ಶಿಬಿರಗಳು ಏಳು ದಿನ ನಡೆಯುತ್ತವೆ. ಈ ಎರಡು ಅವಕಾಶಗಳಲ್ಲಿಯೂ ಬೀದಿ ನಾಟಕ, ಹಾಡುಗಳು ಇದ್ದೇ ಇರುತ್ತವೆ. ಕಲಾ ವಿದ್ಯಾರ್ಥಿಗಳೂ ಕೃಷಿ ವಿದ್ಯಾರ್ಥಿಗಳೂ ಒಂದೇ ಊರಿನಲ್ಲಿ ಕೂಡಿ ದುಡಿದರೆ ಇಬ್ಬರಿಗೂ ಲಾಭ, ಊರಿಗೂ ಲಾಭ.

ಒಂದು ಉದಾಹರಣೆ: ರಸಬಾಳೆಯ ನಾಟಕ

ನಂಜನಗೂಡು ರಸಬಾಳೆ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಹಣ್ಣು. ಪನಾಮಾ ಸೊರಗು ರೋಗದಿಂದ ಅದರ ತೋಟಗಳು ಬಹಳವಾಗಿ ಕುಗ್ಗಿದವು ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಈ ಶಿಲೀಂಧ್ರ ಮಣ್ಣಿನಲ್ಲಿ ಹಲವು ವರ್ಷ ಬದುಕಿರುತ್ತದೆ. ರೋಗದ ಕಂದು, ಮಣ್ಣು, ಹರಿಯುವ ನೀರು ಇವುಗಳ ಮೂಲಕ ಹರಡುತ್ತದೆ. ಮೊದಲು ಕೆಳಗಿನ ಎಲೆಗಳು ಅಂಚಿನಿಂದ ಹಳದಿಯಾಗುತ್ತವೆ, ಆಮೇಲೆ ಮುರಿದು ಜೋತು ಬೀಳುತ್ತವೆ, ದಿಂಡು ಬುಡದಲ್ಲಿ ಸೀಳುತ್ತದೆ. ದಿಂಡನ್ನು ಅಡ್ಡಲಾಗಿ ಕತ್ತರಿಸಿದರೆ ಒಳಗೆ ಕೆಂಗಂದು ಬಣ್ಣದ ಉಂಗುರ ಕಾಣಿಸುತ್ತದೆ.

ಇದನ್ನು ಏಳನೆಯ ತರಗತಿಯ ಮಕ್ಕಳು ಇಪ್ಪತ್ತು ನಿಮಿಷದ ನಾಟಕವಾಗಿ ಆಡಬಹುದು. ನೆಂಟರ ಮನೆಯಿಂದ ಪುಕ್ಕಟೆ ಸಿಕ್ಕಿತೆಂದು ರೋಗದ ತೋಟದ ಕಂದು ಹೊತ್ತು ತರುವ ಒಬ್ಬ ಯಜಮಾನ, ಬೇಡವೆನ್ನುವ ಮಗಳು, ಹರಟುವ ನೆರೆಯವನು, ಇಷ್ಟು ಪಾತ್ರಗಳು ಸಾಕು. ಕೊನೆಯಲ್ಲಿ ರಂಗದ ಮೇಲೆಯೇ ರೋಗದ ದಿಂಡನ್ನೂ ಆರೋಗ್ಯದ ದಿಂಡನ್ನೂ ಕತ್ತರಿಸಿ ತೋರಿಸಬಹುದು. ಆಟ ಮುಗಿದೊಡನೆ ರೋಗದ ದಿಂಡನ್ನೂ ಅದರ ಚೂರುಗಳನ್ನೂ ಸುಟ್ಟುಹಾಕಬೇಕು, ಕುಡುಗೋಲನ್ನು ಚೆನ್ನಾಗಿ ತೊಳೆಯಬೇಕು. ಹಾಗೆ ಮಾಡುವುದೂ ನಾಟಕದ ಪಾಠವೇ. ರೋಗವಿಲ್ಲದ ತೋಟದ ಕಂದು ಅಥವಾ ಅಂಗಾಂಶ ಕೃಷಿಯ ಸಸಿ ನೆಡುವುದು, ರೋಗ ಬಂದ ಗಿಡವನ್ನು ಬೇರುಸಹಿತ ತೆಗೆದು ಸುಡುವುದು, ರೋಗದ ಪಾತಿಯ ನೀರನ್ನು ಮುಂದಿನ ಪಾತಿಗೆ ಹರಿಯಬಿಡದಿರುವುದು, ನೀರಾವರಿಯಿದ್ದಲ್ಲಿ ಭತ್ತದೊಡನೆ ಬೆಳೆ ಬದಲಾಯಿಸುವುದು ಈ ನಾಲ್ಕು ಮಾತುಗಳು ನೋಡಿದವರ ಮನಸ್ಸಿನಲ್ಲಿ ನಿಲ್ಲುತ್ತವೆ. ಮಗಳು ಆಡಿದ ಮಾತನ್ನು ತಂದೆ ಅಷ್ಟು ಸುಲಭವಾಗಿ ಮರೆಯಲಾರ.

ಆದರೆ ಒಂದು ಎಚ್ಚರಿಕೆ. ಬೀದಿ ನಾಟಕ, ಲಾವಣಿಯ ಮಟ್ಟು, ಕೋಲಾಟದ ಮಟ್ಟುಗಳಿಗೆ ಕೃಷಿ ಸಂದೇಶವನ್ನು ಹೊಂದಿಸಬಹುದು. ದೀಕ್ಷೆ ಪಡೆದು ಹಾಡುವ ಮಾದಪ್ಪನ ಕಾವ್ಯ, ಸಿದ್ಧಪ್ಪಾಜಿಯ ಕಾವ್ಯಗಳನ್ನು ತುಂಡರಿಸಿ ಅವುಗಳಲ್ಲಿ ಗೊಬ್ಬರದ ಪ್ರಮಾಣ ತುರುಕಬಾರದು. ಅವು ಜನರ ನಂಬಿಕೆಯ ಹಾಡುಗಳು. ಅವುಗಳನ್ನು ಅವುಗಳಿಗಾಗಿಯೇ ಕೇಳಬೇಕು. ಹಾಡುವವರು ಯಾವುದನ್ನು ಶಾಲೆಯಲ್ಲಿ ಹಾಡಬಹುದು, ಯಾವುದು ಬೇಡ ಎನ್ನುತ್ತಾರೋ ಅದೇ ಕೊನೆಯ ಮಾತಾಗಬೇಕು.

ಗಮನಿಸಬೇಕಾದ ಅಂಶಗಳು

1. ಕಾಲ: ಕಬಿನಿ ನಾಲೆಯ ಬಯಲಿನಲ್ಲಿ ನಾಟಿಯ ದಿನಗಳಲ್ಲಿಯೂ ಕುಯ್ಲು ಒಕ್ಕಣೆಯ ದಿನಗಳಲ್ಲಿಯೂ ಊರಿನ ಕಾರ್ಯಕ್ರಮ ಇಡಬೇಡಿ. ದಸರೆಯ ರಜೆ ಮುಗಿದ ಮೇಲೆ ಕುಯ್ಲಿಗೆ ಮುಂಚೆ ಸಿಗುವ ಬಿಡುವು ಶಾಲೆಗೆ ಅನುಕೂಲ. ಊರಿನ ಪ್ರದರ್ಶನವನ್ನು ಸುಗ್ಗಿಯ ಅನಂತರ ಇಟ್ಟುಕೊಳ್ಳಬಹುದು. ಚಿಕ್ಕಲ್ಲೂರು ಜಾತ್ರೆ, ನಂಜನಗೂಡಿನ ದೊಡ್ಡ ಜಾತ್ರೆ, ಮಕ್ಕಳ ವಾರ್ಷಿಕ ಪರೀಕ್ಷೆ ಇವುಗಳನ್ನು ನೋಡಿಕೊಂಡು ದಿನ ಗೊತ್ತುಮಾಡಿ.

2. ಅವಧಿ: ಒಂದೇ ದಿನದ ಉತ್ಸವಕ್ಕಿಂತ ವಾರಕ್ಕೊಂದು ಪಾಠದಂತೆ ಹತ್ತು ವಾರ ನಡೆಯುವ ತರಬೇತಿ ಮೇಲು. ಮೈಸೂರಿನಿಂದ ನಂಜನಗೂಡಿಗೆ ಸುಮಾರು 25 ಕಿ.ಮೀ., ನರಸೀಪುರಕ್ಕೆ ಸುಮಾರು 30 ಕಿ.ಮೀ. ಬೆಳಗ್ಗೆ ಬಸ್ಸು ಹತ್ತಿದರೆ ಸಂಜೆಗೆ ಹಿಂದಿರುಗಬಹುದು.

3. ಇಬ್ಬರು ಗುರುಗಳು: ಪ್ರತಿ ಶಾಲೆಯಲ್ಲಿ ವಿಶ್ವವಿದ್ಯಾನಿಲಯದ ಒಬ್ಬರು ಮತ್ತು ಆ ಊರಿನ ಅಥವಾ ನೆರೆಯೂರಿನ ಕಲಾವಿದರೊಬ್ಬರು ಜೊತೆಯಾಗಿ ಕಲಿಸಲಿ. ಇಬ್ಬರಿಗೂ ಗೌರವಧನ ಒಂದೇ ಸಮನಾಗಿರಲಿ. ಅದನ್ನು ಕಾರ್ಯಕ್ರಮ ಮುಗಿದ ದಿನವೇ ಸಲ್ಲಿಸಿ. ಕೂಲಿ ಬಿಟ್ಟು ಬಂದವರನ್ನು ಕಚೇರಿಗೆ ಅಲೆಸಬಾರದು.

4. ಹೆಣ್ಣುಮಕ್ಕಳು: ಕಂಸಾಳೆ, ತಮಟೆ ಗಂಡುಮಕ್ಕಳಿಗೆ, ಸೋಬಾನೆ ಹೆಣ್ಣುಮಕ್ಕಳಿಗೆ ಎಂದು ತರಗತಿಯಲ್ಲಿ ಬೇರೆ ಮಾಡಬೇಕಾಗಿಲ್ಲ. ಸೋಬಾನೆ ಬಲ್ಲ ಅಜ್ಜಿಯರನ್ನು ಶಾಲೆಗೆ ಕರೆಸಿ. ರಾಗಿ ಬೀಸುವ ಕಲ್ಲು ಮೂಲೆ ಸೇರಿರುವ ಈ ಕಾಲದಲ್ಲಿ ಬೀಸುವ ಪದಕ್ಕೆ ಉಳಿದಿರುವ ಆಸರೆ ಅವರ ನೆನಪು ಮಾತ್ರ.

5. ವಾದ್ಯಗಳು: ಶಾಲೆಗೆ ದುಬಾರಿ ಧ್ವನಿವರ್ಧಕ ಕೊಳ್ಳುವುದಕ್ಕಿಂತ ಮೊದಲು ಕೋಲು, ತಾಳ, ಒಂದೆರಡು ತಮಟೆ ಕೊಳ್ಳಿ. ಅವು ವರ್ಷಗಟ್ಟಲೆ ಬಾಳುತ್ತವೆ.

6. ದಾಖಲೆ: ಹಾಡನ್ನು ಮೊಬೈಲಿನಲ್ಲಿ ಮುದ್ರಿಸಿಕೊಳ್ಳುವ ಮುನ್ನ ಹಾಡುವವರ ಒಪ್ಪಿಗೆ ಪಡೆಯಿರಿ. ಅವರ ಹೆಸರು, ಊರು, ಅವರ ಗುರುವಿನ ಹೆಸರನ್ನು ಬರೆದಿಡಿ. ಒಂದು ಪ್ರತಿ ಶಾಲೆಯಲ್ಲಿ, ಒಂದು ಪ್ರತಿ ಹಾಡಿದವರ ಮನೆಯಲ್ಲಿ ಇರಲಿ.

7. ಸ್ಪರ್ಧೆ: ‘ಪ್ರತಿಭಾ ಕಾರಂಜಿ’ಯಂಥ ಸ್ಪರ್ಧೆಗಳು ಒಳ್ಳೆಯವೇ. ಆದರೆ ಬಹುಮಾನಕ್ಕಾಗಿ ನಾಲ್ಕು ನಿಮಿಷದ ಕುಣಿತವನ್ನು ಬಾಯಿಪಾಠ ಮಾಡಿಸುವುದೇ ಗುರಿಯಾಗಬಾರದು. ಕೂಗು ಸಣ್ಣದಾದ ಮಗುವೂ, ಕುಂಟುವ ಮಗುವೂ ಮೇಳದಲ್ಲಿರಬೇಕು.

8. ಮುಂದುವರಿಕೆ: ವಿದ್ಯಾರ್ಥಿಗಳು ಹಿಂದಿರುಗಿದ ಮೇಲೆ ಕೆಲಸವನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಮೊದಲ ದಿನವೇ ತೀರ್ಮಾನಿಸಿ. ಒಬ್ಬ ಉಪಾಧ್ಯಾಯರು, ಶಾಲಾಭಿವೃದ್ಧಿ ಸಮಿತಿಯ ಒಬ್ಬರು, ಯುವಕ ಸಂಘ ಅಥವಾ ಮಹಿಳಾ ಸ್ವಸಹಾಯ ಸಂಘದ ಒಬ್ಬರು, ಈ ಮೂವರು ಸಾಕು.

ಕೊನೆಯ ಮಾತು

ಹಾಡು ಕಲಿತರೆ ಓದು ಹಾಳಾಗುತ್ತದೆ ಎಂಬ ಭಯ ಕೆಲವು ತಂದೆತಾಯಿಗಳಿಗಿದೆ. ಕಥೆಯನ್ನು ಸಾಲು ತಪ್ಪದೆ ನೆನಪಿಡುವುದು, ಹತ್ತು ಜನರೆದುರು ನಡುಗದೆ ಮಾತನಾಡುವುದು, ಜೊತೆಯವನ ಹೆಜ್ಜೆಗೆ ಹೆಜ್ಜೆ ಕೂಡಿಸುವುದು ಇವು ಓದಿಗೂ ಬೇಕಾದ ಗುಣಗಳೇ. ನಾಳೆ ಆ ಮಗು ಬೇಸಾಯಗಾರನಾಗಲಿ, ಕಾರ್ಖಾನೆಯ ಕೆಲಸಗಾರನಾಗಲಿ, ಅಧಿಕಾರಿಯಾಗಲಿ, ಈ ಗುಣಗಳು ಅದಕ್ಕೆ ಆಸರೆಯಾಗುತ್ತವೆ.

ವಿಶ್ವವಿದ್ಯಾನಿಲಯದವರಿಗೆ ನನ್ನ ಮನವಿ ಇಷ್ಟು: ಹಳ್ಳಿಗೆ ಕೊಡಲು ಬಂದಷ್ಟೇ ಪಡೆಯಲೂ ಬನ್ನಿ. ಊರಿನವರಿಗೆ ನನ್ನ ಮನವಿ ಇಷ್ಟು: ನಿಮ್ಮ ಊರಿನಲ್ಲಿ ತಂಬೂರಿ ಹಿಡಿಯುವವರು, ಕಂಸಾಳೆ ಬೀಸುವವರು, ಸೋಬಾನೆ ಹೇಳುವವರು ಎಷ್ಟು ಮಂದಿ ಉಳಿದಿದ್ದಾರೆ, ಅವರ ಬಳಿ ಕಲಿಯುತ್ತಿರುವವರು ಯಾರಾದರೂ ಇದ್ದಾರೆಯೇ ಎಂಬುದನ್ನು ಈ ವಾರವೇ ವಿಚಾರಿಸಿ ಒಂದು ಪಟ್ಟಿ ಮಾಡಿ. ಆ ಪಟ್ಟಿಯನ್ನು ಶಾಲೆಯ ಮುಖ್ಯೋಪಾಧ್ಯಾಯರಿಗೆ ಕೊಡಿ. ಬಿತ್ತನೆಯ ಬೀಜ ಎಷ್ಟಿದೆ ಎಂದು ಗೊತ್ತಾಗದೆ ಬಿತ್ತನೆಗೆ ಇಳಿಯಲಾಗದು. ಹದ ತಪ್ಪಿದ ಮೇಲೆ ಬಿತ್ತಿದರೆ ಫಲವೂ ಇಲ್ಲ.